ಎಪ್ಪತ್ತೊಂದು ಮ್ಯಾನೇಜರುಗಳು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಆರು ವರ್ಷ ಎಸ್‌ಟಿಡಿ ಬೂತ್ ನಡೆಸಿದ ಹಾಲಸ್ವಾಮಿಗೆ ಬೇರೆ ಯಾವ ವಿದ್ಯೆ ಒಲಿಯದಿದ್ದರೂ ಒಂದು ವಿದ್ಯೆ ಮಾತ್ರ ಕರಗತವಾಗಿತ್ತು. ಕಿವಿಗೆ ಬಿದ್ದದ್ದನ್ನು ತಲೆಗೆ ಹೋಗಗೊಡದೆ ಇರುವುದು. ಗಾಜಿನ ಗೂಡಿನೊಳಗೆ ನಿಂತ ಜನ ಮಸ್ಕತ್ತಿಗೆ, ಕುವೈತಿಗೆ, ದೋಹಾಕ್ಕೆ ಫೋನಿಲ್ಲದೆಯೂ ಮುಟ್ಟುವಷ್ಟು ಗಟ್ಟಿಯಾಗಿ ಕೂಗುತ್ತಿದ್ದರು. ಹಾಲಸ್ವಾಮಿ ಹೊರಗೆ ಕೂತು ಮೀಟರಿನ ಕೆಂಪು ಅಂಕಿಗಳನ್ನೇ ನೋಡುತ್ತಿದ್ದ. ಯಾರ ಮಗ ಅತ್ತ, ಯಾರ ಹೆಂಡತಿ ಮುನಿದಳು, ಯಾರು ಈ ಸಲವೂ ರಜೆಗೆ ಬರುವುದಿಲ್ಲ, ಅವನಿಗೆ ಒಂದೂ ಗೊತ್ತಿಲ್ಲ. ಹಾಗೆ ಗೊತ್ತಿಲ್ಲದಿರುವುದೇ ಆ ಕಸುಬಿನ ಮರ್ಯಾದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ತಾಯಿ ಕೊಟ್ರಬಸಮ್ಮ ಅಷ್ಟು ಉದಾರಿಯಲ್ಲ.

"ಹುಟ್ಟಿದಾಗಿಂದ ಹಂಗ ಅದಾನ," ಎನ್ನುತ್ತಿದ್ದಳು, "ಏನ್ ಹೇಳಿದ್ರೂ ತಲಿಗೆ ಹೋಗಂಗಿಲ್ಲ."

2004ರ ಹೊತ್ತಿಗೆ ಜನರ ಅಂಗಿಯ ಜೇಬಿನಲ್ಲಿ ಮೊಬೈಲು ಕಾಣಿಸಿಕೊಂಡು, ಬೂತಿನ ಗಾಜಿನ ಗೂಡು ಛತ್ರಿ ಮತ್ತು ಕಸಬರಿಗೆ ಇಡುವ ಜಾಗವಾಯಿತು. ಹಾಲಸ್ವಾಮಿಗೆ ಆಗ ಇಪ್ಪತ್ತೇಳು. ಬಿ.ಕಾಂ. ಆಗಿತ್ತು. ಸರ್ಕಾರಿ ನೌಕರಿಯ ಪರೀಕ್ಷೆ ಮೂರು ಸಲ ಬರೆದು, ಮೂರು ಸಲವೂ ಸ್ವಲ್ಪದರಲ್ಲೇ ತಪ್ಪಿತು ಎಂದು ಊರಿಗೆಲ್ಲ ಹೇಳಿದ್ದ. ಆ ಸ್ವಲ್ಪ ಎಷ್ಟೆಂದು ಯಾರಾದರೂ ಕೇಳಿದರೆ ಚಹಾ ತರಿಸುತ್ತಿದ್ದ. ನಡುವೆ ಆರು ತಿಂಗಳು ವಿಮೆ ಏಜೆಂಟನಾಗಿ ದುಡಿದು ಒಂದೇ ಒಂದು ಪಾಲಿಸಿ ಮಾಡಿಸಿದ್ದ. ಅದೂ ತಾಯಿಯದು. ಮನೆ ನಡೆಯುತ್ತಿದ್ದದ್ದು ಆಕೆ ಬಡಿದು ಮಾರುವ ಗರಿಗರಿ ಕಟಕ್ ರೊಟ್ಟಿಯಿಂದ. ಗಂಡ ತೀರಿಕೊಂಡ ಮೇಲೆ ಹದಿನೈದು ವರ್ಷ ಆಕೆ ರೊಟ್ಟಿ ಬಡಿದೇ ಮಗನನ್ನೂ ಮಗಳು ಭಾಗ್ಯಳನ್ನೂ ದೊಡ್ಡವರನ್ನಾಗಿ ಮಾಡಿದ್ದಳು.

ಬೂತಿಗೆ ಬೀಗ ಬೀಳುವ ವಾರದಲ್ಲೇ ಹಾಲಸ್ವಾಮಿಗೆ ಕೆಲಸ ಸಿಕ್ಕಿತು. ಬೆಂಗಳೂರಿನ ಒಂದು ಸಂಸ್ಥೆ ಸರ್ಕಾರದ ಪರವಾಗಿ ಸರ್ವೆ ನಡೆಸುತ್ತಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಕಡೆಯಿಂದ ಯಾರ್ಯಾರು ಪರದೇಶದಲ್ಲಿ ದುಡಿಯುತ್ತಿದ್ದಾರೆ, ಅವರ ಕೈಯಲ್ಲಿ ಏನೇನು ಕಸುಬಿದೆ ಎಂದು ಬರೆದುಕೊಂಡು ಬರಬೇಕು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಆದರೆ ಬೆಂಗಳೂರಿನ ನಕ್ಷೆಯಲ್ಲಿ ಅಕ್ಕಪಕ್ಕ ಕಂಡದ್ದರಿಂದ ಅದನ್ನೂ ಇದೇ ಗಂಟಿಗೆ ಕಟ್ಟಿದ್ದರು. ಹೊರಗೆ ಹೋದವರು ಎಷ್ಟು ಜನ ಎನ್ನುವುದು ಸರ್ಕಾರಕ್ಕೆ ಹೇಗೋ ಗೊತ್ತಿತ್ತು. ಅವರಿಗೆ ಏನು ಬರುತ್ತದೆ ಎನ್ನುವುದು ಗೊತ್ತಿರಲಿಲ್ಲ. ಗೊತ್ತಾದರೆ ನಾಳೆ ಇಲ್ಲಿ ಒಂದು ಕಾರ್ಖಾನೆಗೋ ತರಬೇತಿ ಶಾಲೆಗೋ ಯಾರನ್ನು ಕರೆಯಬೇಕೆಂದು ತಿಳಿಯುತ್ತದೆ. ಪರದೇಶದ ನಂಬರುಗಳಿರುವ ದಪ್ಪ ನೋಟ್‌ಬುಕ್ ಇಟ್ಟುಕೊಂಡ ಮನುಷ್ಯ ಸುತ್ತಮುತ್ತ ಹಾಲಸ್ವಾಮಿ ಒಬ್ಬನೇ. ತಿಂಗಳಿಗೆ ಎರಡು ಸಾವಿರದ ನಾಲ್ಕುನೂರು ಸಂಬಳ, ಮೊಪೆಡ್ಡಿಗೆ ಪೆಟ್ರೋಲು ಬೇರೆ. ಕುತ್ತಿಗೆಗೆ ಗುರುತಿನ ಚೀಟಿ ಕೊಟ್ಟರು. ಮೊದಲ ವಾರ ಅವನು ಅದನ್ನು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ.

ಆಗಸ್ಟಿನಿಂದ ಅಕ್ಟೋಬರಿನವರೆಗೆ ತಿರುಗಿದ. ಕೆಲಸ ಇಷ್ಟು ಸುಖದ್ದೆಂದು ಅವನು ಎಣಿಸಿರಲಿಲ್ಲ. ಎಲ್ಲಿ ಹೋದರೂ ಚಾಪೆ ಹಾಸಿ ಕೂಡ್ರಿಸುತ್ತಿದ್ದರು. ಮಂಡಕ್ಕಿ ಒಗ್ಗರಣೆ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ, ಆಮೇಲೆ ಚಹಾ. ಕೆಲವು ಮನೆಗಳಲ್ಲಿ ಸಿಹಿ ಉಂಡಿಯೂ ಬಂತು. ಅವನು ಫಾರ್ಮು ತೆಗೆದು ಕೇಳುತ್ತಿದ್ದ: ಹುಡುಗನ ಹೆಸರೇನು, ವಯಸ್ಸೆಷ್ಟು, ಎಷ್ಟು ಓದಿದ್ದಾನೆ, ಮದುವೆ ಆಗಿದೆಯೋ ಇಲ್ಲವೋ, ಯಾವ ದೇಶ, ಏನು ಕೆಲಸ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು ಉತ್ತರಿಸುತ್ತಿದ್ದರು. ದೇಶ ಯಾವಾಗಲೂ ದುಬೈ. "ದುಬೈದಾಗ ಕುವೈತ್‌ನಾಗ ಅದಾನ್ರಿ," ಎಂದವರೂ ಇದ್ದರು. ಕೆಲಸ ಮಾತ್ರ ಒಂದಕ್ಕಿಂತ ಒಂದು ಮೇಲಿನದು. ಅವರು ಹೇಳಿದ್ದನ್ನು ಹೇಳಿದಂತೆ ಹಾಲಸ್ವಾಮಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ. ಮೂರು ತಿಂಗಳಲ್ಲಿ ಅವನ ಪ್ಯಾಂಟಿನ ಗುಂಡಿ ಎರಡು ಸಲ ಕಿತ್ತು ಬಂತು.

ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಶಿವಯೋಗಪ್ಪ ಎನ್ನುವವರ ಮನೆಗೆ ಹೋದದ್ದು ಒಂದು ಮಧ್ಯಾಹ್ನ. ಮೆತ್ತಗಿನ ಮಾತಿನ, ಬಿಳಿ ಟೋಪಿಯ ಹಿರಿಯ. ಹೆಂಡತಿ ಗಾದೆಮ್ಮ ಬಾಗಿಲ ಹಿಂದೆ ನಿಂತೇ ಎಲ್ಲ ಕೇಳಿಸಿಕೊಂಡಳು. ಒಬ್ಬನೇ ಮಗ ಅರುಣಕುಮಾರ್, ಇಪ್ಪತ್ತೆಂಟು, ಐಟಿಐ, ಕುವೈತ್.

"ಕೆಲಸ ಏನ್ರಿ ಯಜಮಾನ್ರ?"

ಶಿವಯೋಗಪ್ಪ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. "ಮ್ಯಾನೇಜರ್ ಅನ್ರಿ. ಕಂಪನಿ ಮ್ಯಾನೇಜರ್."

ಮನೆ ಚೊಕ್ಕಟವಾಗಿತ್ತು, ಜನ ಸಾಧು, ಒಗ್ಗರಣೆ ಅದ್ಭುತವಾಗಿತ್ತು. ಅಂದು ಊರಿಗೆ ಬಂದ ಹಾಲಸ್ವಾಮಿ ಕೈಕಾಲು ತೊಳೆಯುವ ಮೊದಲೇ ತಾಯಿಗೆ ಹೇಳಿದ: "ಅವ್ವಾ, ನಮ್ಮ ಭಾಗ್ಯಗ ಒಂದು ವರ ನೋಡೀನಿ. ಸರ್ಕಾರದ ಫಾರಂನಾಗ ಐತಿ, ಮ್ಯಾನೇಜರ್." ಆ ಫಾರಮ್ಮಿನಲ್ಲಿ ಹಾಗೆ ಬರೆದವನು ತಾನೇ ಎನ್ನುವುದು ಆ ಕ್ಷಣಕ್ಕೆ ಅವನಿಗೆ ಮರೆತಿತ್ತು.

ದೀಪಾವಳಿಗೆ ಅರುಣಕುಮಾರ್ ರಜೆಯ ಮೇಲೆ ಬಂದ. ಹುಡುಗಿ ನೋಡಿದ, ಹುಡುಗಿಯೂ ನೋಡಿದಳು. ಕಡಿಮೆ ಮಾತು, ಅಗಲ ಭುಜ, ನಕ್ಕರೆ ಕಣ್ಣು ಮುಚ್ಚುವ ಹುಡುಗ. ಇಟ್ಟಿಗಿಯಲ್ಲೇ ವೀಳ್ಯದ ಶಾಸ್ತ್ರ ನಡೆದು, ಅವರ ಕಡೆಯಿಂದ ಭಾಗ್ಯಳಿಗೆ ಒಂದು ಹಸಿರು ಸೀರೆ ಬಂತು. ಮದುವೆ ಏಪ್ರಿಲ್‌ಗೆ ಎಂದಾಯಿತು. ಮೂರು ವಾರ ಇದ್ದು ಹುಡುಗ ಕುವೈತಿಗೆ ಹೋದ. ಕೊಟ್ರಬಸಮ್ಮ ರೊಟ್ಟಿ ಒಯ್ಯಲು ಬಂದವರಿಗೆಲ್ಲ ಎಣಿಸಿ ಕೊಡುವಾಗ, ನಡುವೆ ಎಣಿಕೆ ನಿಲ್ಲಿಸಿ, "ನಮ್ಮ ಅಳಿಯ ಮ್ಯಾನೇಜರ್ ಅದಾನ," ಎಂದು ಹೇಳಿ, ಮತ್ತೆ ಮೊದಲಿಂದ ಎಣಿಸತೊಡಗಿದಳು.

ಜನವರಿಯಲ್ಲಿ ಬೆಂಗಳೂರಿನಿಂದ ಪಟ್ಟಿ ವಾಪಸು ಬಂತು.

ಸರ್ವೆಯ ಸ್ಥಳೀಯ ಮೇಲ್ವಿಚಾರಕ ನಾಗೇಂದ್ರಪ್ಪ ಹರಪನಹಳ್ಳಿಯವರು. ತಾಲ್ಲೂಕು ಕಚೇರಿಯ ಚುನಾವಣಾ ವಿಭಾಗದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ ಅವರ ಆಫೀಸು. ಹಾಲಸ್ವಾಮಿ ಹೋದಾಗ ಅವರು ಪಟ್ಟಿಯ ಮೇಲೆ ಕನ್ನಡಕ ಊರಿ ಕೂತಿದ್ದರು.

"ಎಪ್ಪತ್ತೊಂದು ಜನ ಮ್ಯಾನೇಜರ್ ಅದಾರಲ್ಲಪ್ಪ ನಿನ್ನ ಪಟ್ಟಿಯಾಗೆ."

"ಹೌದ್ರಿ ಸರ್." ಹಾಲಸ್ವಾಮಿಗೆ ಸ್ವಲ್ಪ ಹೆಮ್ಮೆಯೇ ಆಯಿತು.

"ಒಟ್ಟು ಎಷ್ಟು ಜನ?"

"ನೂರಾ ಎಂಬತ್ತಾರ್ರಿ."

"ಉಳಿದೋರು?"

"ಮೂವತ್ತೆಂಟು ಸೂಪರ್‌ವೈಸರ್, ಇಪ್ಪತ್ನಾಕು ಇಂಜಿನಿಯರ್. ಐವತ್ತೆರಡು ಮಂದಿ ಕಂಪನಿ ಕೆಲಸ ಅಂತ ಅಷ್ಟ ಹೇಳ್ಯಾರ. ಒಬ್ಬ ಡ್ರೈವರ್."

"ಇಷ್ಟೂ ಜನ ಮ್ಯಾನೇಜ್ ಮಾಡ್ತಾ ಕುಂತ್ರೆ ಅಲ್ಲಿ ಸಿಮೆಂಟ್ ಕಲಸೋರು ಯಾರೋ? ಹೋಗ್ಲಿ, ಆ ಡ್ರೈವರ್ ಒಬ್ಬ ಯಾಕೆ ಹಂಗೆ ಉಳಕೊಂಡ ಪಾಪ?"

"ಗೊತ್ತಿಲ್ರಿ ಸರ್. ಲಗ್ನ ಆಗಿ ಮೂರು ಮಕ್ಕಳದಾವು, ಸಂಸಾರಸ್ಥ."

ನಾಗೇಂದ್ರಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಫಾರ್ಮನ್ನು ಅವನ ಕಡೆ ತಿರುಗಿಸಿ ಬೆರಳಿಟ್ಟು ಒಂದೊಂದೇ ಕಾಲಂ ಓದಿದರು. "ಹೆಸರು. ವಯಸ್ಸು. ಓದು. ಮದುವಿ ಆಗೇತೋ ಇಲ್ಲೋ. ಲೇ ಮಾರಾಯ, ಪ್ಯಾಂಟು ಇಸ್ತ್ರಿ ಮಾಡ್ಕೊಂಡು ಒಬ್ಬ ಮನಿಗೆ ಬಂದು ಇಷ್ಟು ಕೇಳಿದ ಅಂದ್ರೆ ಅವನು ಯಾರು? ಹೆಣ್ಣಿನ ಕಡೇರು ಕಳಿಸಿದೋನು. ಮುಚ್ಚಿ ವಿಚಾರಿಸಾಕೆ ಬಂದೋನು. ಅದಕ್ಕೇ ನಿನಗೆ ಒಗ್ಗರಣಿ ಹಾಕ್ಯಾರೆ. ಜನಗಣತಿಗೆ ಹೋದೋನಿಗೆ ಯಾವನಾದ್ರೂ ಉಂಡಿ ಕೊಟ್ಟಾನೇನು?"

ಹಾಲಸ್ವಾಮಿಗೆ ಮೊದಲು ನೆನಪಾದದ್ದು ಟೋಪಿ ತೆಗೆದು ಮತ್ತೆ ಇಟ್ಟುಕೊಂಡ ಶಿವಯೋಗಪ್ಪನವರು. ಮುಚ್ಚಿ ವಿಚಾರಿಸಲು ಬಂದವನೆಂದು ನೂರಾ ಎಂಬತ್ತೈದು ಮನೆಗಳು ತಪ್ಪು ತಿಳಿದವು. ಇಟ್ಟಿಗಿಯಲ್ಲಿ ಆ ತಪ್ಪನ್ನು ಅವನೇ ಮುಂದೆ ನಿಂತು ನಿಜ ಮಾಡಿಕೊಟ್ಟಿದ್ದ.

"ಹತ್ತು ದಿನ ಟೈಮ್ ಐತೆ," ಎಂದರು ನಾಗೇಂದ್ರಪ್ಪ. "ಇನ್ನೊಂದ್ಸಲ ಹೋಗಿ ಖರೇ ಕಸುಬು ಬರಕೊಂಡು ಬಾ. ಆಮೇಲೆ ಕರಡು ಪಟ್ಟಿ ಎಲ್ಲಾ ತಾಲ್ಲೂಕು ಕಚೇರಿ ಗ್ವಾಡಿಗೆ ಅಂಟಿಸ್ತೀನಿ, ತಕರಾರು ಇದ್ದೋರು ಹೇಳ್ಲಿ."

"ಗ್ವಾಡಿಗೆ ಯಾಕ್ರಿ ಸರ್? ಬೆಂಗಳೂರಿನೋರು ಹಂಗೇನ್ ಹೇಳಿಲ್ಲ."

"ಮೂವತ್ತು ವರ್ಷ ಮತದಾರರ ಪಟ್ಟಿ ಮಾಡೀನಪ್ಪ. ಗ್ವಾಡಿಗೆ ಅಂಟಿಸದ ಪಟ್ಟಿ ಪಟ್ಟಿನೇ ಅಲ್ಲ."

ಮೊಪೆಡ್ ಹತ್ತುವಾಗ ಹಾಲಸ್ವಾಮಿಗೆ ಎಲ್ಲ ಸ್ಪಷ್ಟವಾಗಿತ್ತು. ಹಡಗಲಿಯ ಗೋಡೆಯ ಮೇಲೆ ಬರೆದದ್ದು ಕೊಟ್ಟೂರು ಮುಟ್ಟಲು ಬಸ್ಸಿಗಿಂತ ಕಡಿಮೆ ಹೊತ್ತು ಸಾಕು. ಅರುಣಕುಮಾರನ ಮುಂದೆ ಬೇರೆ ಏನಾದರೂ ಬರೆದರೆ ತಂಗಿಯ ಮದುವೆ ಮುರಿಯಬಹುದು. ಮ್ಯಾನೇಜರ್ ಎಂದೇ ಬಿಟ್ಟರೆ ಸುಳ್ಳು ಬರೆದ ಹಾಗೆ. ಏಪ್ರಿಲ್ ಆದ ಮೇಲೆ ಭಾಗ್ಯಳಿಗೆ ಗೊತ್ತಾಗದೆ ಇರುತ್ತದೆಯೇ? ಆಗ ಅವಳು ಮೊದಲು ಕೇಳುವುದು ಅಣ್ಣನನ್ನೇ. ಹೇಡಿಯಂತೆ ಅವನು ಇಟ್ಟಿಗಿಯನ್ನು ಕೊನೆಗೆ ಇಟ್ಟುಕೊಂಡು ಕೂಡ್ಲಿಗಿಯ ದಾರಿ ಹಿಡಿದ.

ಕೂಡ್ಲಿಗಿಯಲ್ಲಿ ಅಂಜಿನಕ್ಕ ಎನ್ನುವ ಕೂಲಿಯ ಹೆಂಗಸಿನ ಮನೆ. ಮಗ ಹುಲುಗಣ್ಣ ಮಸ್ಕತ್ತಿನಲ್ಲಿ. ಪಟ್ಟಿಯಲ್ಲಿ ಮ್ಯಾನೇಜರ್ ನಂಬರು ಹದಿನೇಳು. ಹಾಲಸ್ವಾಮಿ ಈ ಸಲ ಗುರುತಿನ ಚೀಟಿ ತೋರಿಸಿ, ತಾನು ಸರ್ಕಾರದ ಕಡೆಯವನು, ಹೆಣ್ಣಿನ ಕಡೆಯವನಲ್ಲ ಎಂದು ಆಣೆ ಇಟ್ಟ.

"ಹಂಗ ಅಂದs ಬರ್ತಾರಪ್ಪ ಎಲ್ಲರೂ," ಎಂದಳು ಅಂಜಿನಕ್ಕ. "ನನ್ನ ಮಗ ಮ್ಯಾನೇಜರ್."

ಅವನು ಸೋತು, ಕಾಲು ತೊಳೆಯಲು ನೀರು ಕೇಳಿದ. ಆಕೆ ಹಿತ್ತಲ ಬಚ್ಚಲು ತೋರಿಸಿದಳು. ಮಣ್ಣಿನ ಗೋಡೆಯ, ತಗಡಿನ ಚಾವಣಿಯ ಮನೆ. ಬಚ್ಚಲು ಮಾತ್ರ ನೆಲದಿಂದ ತಲೆಯೆತ್ತರದವರೆಗೆ ತಿಳಿನೀಲಿ ಟೈಲ್ಸ್. ಸಂದಿಗೆ ಕೂದಲು ಹೋಗದಷ್ಟು ಒತ್ತಾಗಿ, ಮೂಲೆಯಲ್ಲಿ ಅರ್ಧ ತುಂಡನ್ನೂ ಅಳತೆ ತಪ್ಪದೆ ಕೂಡಿಸಿದ್ದರು. ಹೊಸಪೇಟೆಯ ಲಾಡ್ಜಿನಲ್ಲೂ ಅಂಥದನ್ನು ಅವನು ನೋಡಿರಲಿಲ್ಲ.

"ಎಷ್ಟು ಚೆಂದ ಕುಂದರಿಸ್ಯಾರ. ಎಲ್ಲಿ ಗೌಂಡಿರಿ ಇವ್ರು?"

"ಗೌಂಡಿ ಯಾಕ? ನನ್ನ ಮಗನs ಹಾಕಿದ್ದು. ರಜಕ್ಕ ಬಂದ್ರ ಒಂದು ದಿನ ಸುಮ್ನ ಕುಂದರಂಗಿಲ್ಲ ಅವನು. ಅಲ್ಲೆ ರಾಜನ ಅರಮನಿಗೆ ಹಾಕಿದ್ದು ಇದs ಕೈ..." ಅಂಜಿನಕ್ಕ ನಾಲಿಗೆ ಕಚ್ಚಿಕೊಂಡಳು. ಹಾಲಸ್ವಾಮಿ ನೀಲಿ ಟೈಲ್ಸಿನ ಮೇಲೆ ಕೈಯಾಡಿಸುತ್ತ ನಿಂತಿದ್ದ. ಆಕೆ ಸ್ವಲ್ಪ ಹೊತ್ತು ಸೆರಗು ತಿರುವಿ, ಆಮೇಲೆ ದನಿ ಇಳಿಸಿ, "ಬರಕೋ ಹೋಗಪ್ಪ. ಟೈಲ್ಸ್ ಕೆಲಸ. ನೀನ್ ನೋಡಿಬಿಟ್ಟಿ, ನಾ ಏನ್ ಹೇಳ್ಲಿ," ಎಂದಳು. ಹೇಳಿದ ಮೇಲೆ ಅವಳ ಮುಖ ತಲೆಯ ಮೇಲಿನ ಹೊರೆ ಇಳಿಸಿದವರ ಮುಖದಂತಾಯಿತು. ಉಳಿದ ಬಚ್ಚಲನ್ನೂ ತೋರಿಸಿದಳು, ನೀರು ಹೋಗುವ ಇಳಿಜಾರನ್ನು ತಂಬಿಗೆ ನೀರು ಸುರಿದು ತೋರಿಸಿದಳು.

ಅಂದಿನಿಂದ ಹಾಲಸ್ವಾಮಿ ಏನು ಕೆಲಸ ಎಂದು ಯಾರನ್ನೂ ಕೇಳಲಿಲ್ಲ. ರಜೆಗೆ ಬಂದಾಗ ಹುಡುಗ ಮನೆಯಲ್ಲಿ ಏನೇನು ಮಾಡಿದ ಎಂದು ಕೇಳಿದ. ತಾಯಂದಿರಿಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇರಲಿಲ್ಲ. ಹಿರೇಹಡಗಲಿಯ ಸೂಪರ್‌ವೈಸರ್ ಇಡೀ ಓಣಿಯ ವೈರಿಂಗ್ ಬದಲಿಸಿಕೊಟ್ಟಿದ್ದ. ಉಜ್ಜಿನಿಯ ಇಂಜಿನಿಯರ್ ಮಠಕ್ಕೆ ಬಂದ ಇನ್ನೂರು ಜನ ಯಾತ್ರಿಕರಿಗೆ ಒಬ್ಬನೇ ನಿಂತು ಪಲಾವ್ ಮಾಡಿದ್ದ. ಹರಪನಹಳ್ಳಿಯ ಮ್ಯಾನೇಜರೊಬ್ಬ ಇಪ್ಪತ್ತು ದಿನದ ರಜೆಯಲ್ಲಿ ಹದಿನಾಲ್ಕು ಫ್ರಿಜ್ ಬಿಚ್ಚಿ ಕೂಡಿಸಿದ್ದ. ಹಗರಿಬೊಮ್ಮನಹಳ್ಳಿಯ ಯರ್ರೆಪ್ಪ ಎನ್ನುವವನು ಬಂದ ದಿನವೇ ಸಂಬಂಧಿಕರ ಜೆಸಿಬಿ ಹತ್ತಿ, ಹೆತ್ತ ತಾಯಿಗಿಂತ ಅದರ ಸಂಗಡ ಹೆಚ್ಚು ಹೊತ್ತು ಕಳೆದನಂತೆ. ಎಪ್ಪತ್ತೊಂದು ಮ್ಯಾನೇಜರುಗಳಲ್ಲಿ ಎಂಟು ದಿನಕ್ಕೆ ಮೂವರು ಉಳಿದರು. ಇಬ್ಬರು ನಿಜವಾಗಿಯೂ ಮ್ಯಾನೇಜರುಗಳೇ. ರಜೆಗೆ ಬಂದಾಗ ಅವರು ಏನೂ ಮಾಡಿರಲಿಲ್ಲ. ಮೂರನೆಯವನು ಅರುಣಕುಮಾರ್.

ಒಂಬತ್ತನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹಾಲಸ್ವಾಮಿ ಇಟ್ಟಿಗಿಯಲ್ಲಿ ಇಳಿದ. ಮೊದಲು ಬಂದದ್ದು ಮಧ್ಯಾಹ್ನ. ವೀಳ್ಯಕ್ಕೆ ಬಂದಾಗ ಓಣಿಯನ್ನೆಲ್ಲ ಗುಡಿಸಿ ಖಾಲಿ ಮಾಡಿದ್ದರು. ನಲ್ಲಿಗೆ ನೀರು ಬಿಡುವ ಹೊತ್ತಿನಲ್ಲಿ ಆ ಓಣಿ ಹೇಗಿರುತ್ತದೆಂದು ಅವನು ನೋಡಿದ್ದು ಅಂದೇ.

ನಲ್ಲಿಯ ಮುಂದೆ ನೀರಿನ ಬಂಡಿಗಳ ಸಾಲು. ಕೊಡಗಳನ್ನು ಕೂಡಿಸಿ ತಳ್ಳಿಕೊಂಡು ಹೋಗುವ ಕಬ್ಬಿಣದ ಬಂಡಿ ಆ ಸೀಮೆಯಲ್ಲಿ ಮನೆಮನೆಗೂ ಇರುವುದೇ. ಎಲ್ಲವೂ ಕಿರುಗುಟ್ಟುತ್ತವೆ, ಎಲ್ಲವೂ ಒಂದು ಕಡೆ ಎಳೆಯುತ್ತವೆ. ಇವು ಕಿರುಗುಟ್ಟುತ್ತಿರಲಿಲ್ಲ. ಹನ್ನೊಂದು ಬಂಡಿ, ಹನ್ನೊಂದಕ್ಕೂ ಹಸಿರು ಬಣ್ಣ, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿತ್ತು, ತುಂಬಿದ ಕೊಡ ಅಲುಗದಂತೆ ಪ್ರತಿ ಕೊಡಕ್ಕೂ ಒಂದು ಬಳೆ. ಮುಂದಿನ ಪಟ್ಟಿಯ ಮೇಲೆ ಆಯಾ ಬಂಡಿಯ ಒಡತಿಯ ಹೆಸರು. ಬಣ್ಣದಲ್ಲಿ ಬರೆದದ್ದಲ್ಲ; ಬೆಸುಗೆಯ ಹನಿಗಳನ್ನೇ ಸಾಲಾಗಿ ಇಳಿಸಿ ಬರೆದದ್ದು, ಮುಟ್ಟಿದರೆ ಬೆರಳಿಗೆ ತಿಳಿಯುವಂತೆ. ಮಾರೆಮ್ಮ. ದುರ್ಗಾ. ವಾಣಿಶ್ರೀ. ಕೊನೆಯಲ್ಲಿ ಗಾದೆಮ್ಮನದು, ಅದರ ಹಿಡಿಕೆ ಮಾತ್ರ ಒಂದು ಬದಿಗೆ ಇತ್ತು. ಆಕೆಯ ಎಡಗೈ ಮೇಲೆ ಏಳುತ್ತಿರಲಿಲ್ಲ. ಆರು ಕೊಡದ ಬಂಡಿಯನ್ನು ಆಕೆ ಬಲಗೈ ಒಂದರಲ್ಲೇ ತಳ್ಳಿಕೊಂಡು ಬರುತ್ತಿದ್ದಳು.

ಆಕೆ ಅವನನ್ನು ನೋಡಿದಳು, ಬಂಡಿಯನ್ನು ನೋಡಿದಳು. "ಮನಿಗೆ ಬರ್ರಿ," ಎಂದಳು ಅಷ್ಟೇ.

ಶಿವಯೋಗಪ್ಪ ಈ ಸಲ ಟೋಪಿ ತೆಗೆದವರು ಮತ್ತೆ ಇಟ್ಟುಕೊಳ್ಳಲಿಲ್ಲ. "ವೆಲ್ಡರ್ ಅದಾನ್ರಿ ಸ್ವಾಮಿ. ನೀವ್ ಬಂದು ಕುಂತು ಕೇಳಿದ್ರಿ, ಬಾಯಿಗೆ ಅದು ಬಂತು. ಬಂದಿದ್ದನ್ನ ವಾಪಸ್ ನುಂಗಾಕ ಆಗ್ಲಿಲ್ಲ. ಆಮ್ಯಾಲ ನೋಡಿದ್ರ ಖರೇನ ನಿಮ್ಮ ಮನಿದs ಹೆಣ್ಣು." ಟೋಪಿಯನ್ನು ಮಡಿಸುತ್ತ ಕೇಳಿದರು: "ಏಪ್ರಿಲ್ ತನಕ ಹಂಗs ಇರ್ಲಿ ಅಂದ್ರ ಆಗಂಗಿಲ್ಲೇನು?"

"ನಾಳಿ ಪಟ್ಟಿ ಕೊಡಬೇಕ್ರಿ ಮಾವಾರ."

"ನೀವು ಯಾವ ಕಡೇರಾಗಿ ಬಂದೀರಿ ಇವತ್ತು? ಸರ್ಕಾರದ ಕಡೇರೋ, ಹೆಣ್ಣಿನ ಕಡೇರೋ?"

ಹಾಲಸ್ವಾಮಿ ಅರುಣಕುಮಾರನ ನಂಬರು ಇಸಿದುಕೊಂಡು ಫೋನು ಮಾಡಲು ಹಡಗಲಿಗೆ ಹೋದ. ಅಂದು ಶುಕ್ರವಾರ, ಕುವೈತಿನಲ್ಲಿ ರಜೆ. ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೂ ಉಸಿರಾಡುತ್ತಿದ್ದ ಒಂದು ಬೂತಿನ ಗಾಜಿನ ಗೂಡಿನೊಳಗೆ ನಿಂತಾಗ, ಇಷ್ಟು ವರ್ಷ ಹೊರಗೆ ಕೂತವನಿಗೆ ಒಳಗೆ ಎಷ್ಟು ಸೆಕೆ ಎಂದು ಗೊತ್ತಾಯಿತು.

"ವೆಲ್ಡರ್ ಅಂತ ಬರೀರಿ ಭಾವಾರ," ಎಂದ ಅರುಣಕುಮಾರ್, ಎಲ್ಲ ಕೇಳಿದ ಮೇಲೆ. "ಪೈಪ್ ವೆಲ್ಡರ್. ಎಣ್ಣಿ ಹೋಗೋ ಪೈಪು. ನಾ ಹಾಕಿದ ಬೆಸುಗಿಗೆ ಎಕ್ಸ್‌ರೇ ಹಿಡದು ನೋಡ್ತಾರ್ರಿ, ಒಳಗ ಕೂದಲಷ್ಟು ಸೀಳಿದ್ರೂ ವಾಪಸ್. ಎರಡು ವರ್ಷ ಆತು, ನಂದು ಒಂದೂ ವಾಪಸ್ ಬಂದಿಲ್ಲ. ಇದನ್ನ ಯಾರಿಗೂ ಹೇಳಂಗಿಲ್ಲ ಅಂತ ಅಪ್ಪ ಬಾಯಿ ಕಟ್ಟಿಬಿಟ್ಟಾನ. ಆ ಮ್ಯಾನೇಜರ್ ಡ್ಯೂಟಿಗಿಂತ ಈ ಡ್ಯೂಟಿ ಹಗುರ ಐತ್ರಿ." ದೂರದಲ್ಲಿ ಯಾರೋ ಹಿಂದಿಯಲ್ಲಿ ಊಟಕ್ಕೆ ಕರೆದರು. "ಆದ್ರ ಭಾಗ್ಯ ಅವ್ರಿಗೆ ನೀವs ಹೇಳ್ರಿ. ಗ್ವಾಡಿ ನೋಡಿ ತಿಳಕೊಳ್ಳೋದು ಬ್ಯಾಡ. ಬ್ಯಾಡ ಅಂದ್ರ ನನಗೇನ್ ಸಿಟ್ಟಿಲ್ಲ."

ಹೊರಗೆ ಬಂದಾಗ ಬೂತಿನವನು ಮೀಟರನ್ನೇ ನೋಡುತ್ತಿದ್ದ. ಎಲ್ಲ ಕೇಳಿಸಿದವರು ಹಾಗೆಯೇ ನೋಡುವುದು ಎಂದು ಹಾಲಸ್ವಾಮಿಗೆ ಗೊತ್ತಿತ್ತು.

ಅಂದು ಸಂಜೆ ಕೊಟ್ಟೂರಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡುವೆ ನಿಂತಿತು. ಕೊಟ್ರಬಸಮ್ಮ ಹಿಟ್ಟಿನ ಕೈ ಹಾಗೆಯೇ ಇಟ್ಟುಕೊಂಡು ಪೂರ್ತಿ ಕೇಳಿದಳು.

"ಹದಿನಾರು ಮಂದಿಗೆ ಮ್ಯಾನೇಜರ್ ಅಂತ ಹೇಳೀನಿ ನಾನು," ಎಂದಳು ಕೊನೆಗೆ. "ಹದಿನೈದು ವರ್ಷ ಈ ಬೆಂಕಿ ಮುಂದ ಕುಂತೀನಿ. ನನ್ನ ಮಗಳಿಗೆ ಬೆಂಕಿ ಮುಂದ ಕುಂದ್ರೋ ಗಂಡ ಬ್ಯಾಡ, ಕುರ್ಚಿ ಮ್ಯಾಲ ಕುಂದ್ರೋನು ಬೇಕು ಅಂದಿದ್ದೆ. ಅಷ್ಟs ಅಂದಿದ್ದೆ."

ಭಾಗ್ಯ ಒಳಗಿನಿಂದ ಬಂದಳು. ಕೈಯಲ್ಲಿ, ಒಂದೇ ತಿಂಗಳಲ್ಲಿ ಇಂಗ್ಲಿಷ್ ಕಲಿಸುವುದಾಗಿ ಹೇಳುವ ಪುಸ್ತಕ. "ಅಣ್ಣಾ, ಖರೇನ ಮ್ಯಾನೇಜರ್ ಅಲ್ಲೇನು?"

"ಅಲ್ಲವ್ವ. ವೆಲ್ಡರ್."

"ಹಂಗಾರ ಇದನ್ನ ಅಂಗಡಿಗೆ ವಾಪಸ್ ಕೊಡಬಹುದಲ್ಲ. ಮ್ಯಾನೇಜರ್ ಹೆಂಡ್ತಿ ಅಂದ್ರ ಇಂಗ್ಲಿಷ್‌ನಾಗ ಮಾತಾಡಬೇಕಾಗ್ತೈತಿ ಅಂತ ಎರಡು ತಿಂಗಳಿಂದ ಓದಾಕತ್ತೀನಿ. ಹನ್ನೊಂದನೇ ಪುಟ ದಾಟವಲ್ದು."

"ನೀ ಸುಮ್ನಿರು," ಎಂದಳು ತಾಯಿ. "ಹಾಲ್ಯಾ, ನಾಳಿ ನೀ ಆಫೀಸಿಗೆ ಪಟ್ಟಿ ಕೊಡೂಕಿಂತ ಮುಂಚೆ ನಾವಿಬ್ರೂ ಇಟ್ಟಿಗಿಗೆ ಹೋಗೂಣು. ಭಾಗ್ಯಾ, ಸೀರಿ ತಗಿ. ವಾಪಸ್ ಕೊಡೂದಾದ್ರ ಕೈಯಾರ ಕೊಡಬೇಕು."

ಭಾಗ್ಯ ಹಸಿರು ಸೀರೆಯನ್ನು ಮಡಿಸಿ ಚೀಲಕ್ಕಿಟ್ಟು ತಂದಳು. "ಒಯ್ಯಿ ಬೇಕಾರ. ಆದ್ರ ನಾ ಕೊಟ್ಟು ಕಳಿಸೀನಿ ಅಂತ ಮಾತ್ರ ಹೇಳಬ್ಯಾಡ."

ಮರುದಿನ ಇಟ್ಟಿಗಿಯ ಮನೆಯಲ್ಲಿ ಯಾರೂ ಒಗ್ಗರಣೆ ಹಾಕಲಿಲ್ಲ. ಕೊಟ್ರಬಸಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು. ಶಿವಯೋಗಪ್ಪ ಕೈಮುಗಿದು ತಪ್ಪಾಯಿತೆಂದರು. ಹಾಲಸ್ವಾಮಿ ಗೋಡೆಗೆ ಆತು ನಿಂತು, ಈ ಸಲ ಎಲ್ಲವನ್ನೂ ಕೇಳಿಸಿಕೊಳ್ಳುವುದೆಂದು ನಿಶ್ಚಯಿಸಿದ್ದ. ಕೇಳಿಸಿಕೊಳ್ಳಲು ಯಾರೂ ಏನೂ ಮಾತಾಡುತ್ತಿರಲಿಲ್ಲ.

ಗಾದೆಮ್ಮ ಎದ್ದು ದನದ ಕೊಟ್ಟಿಗೆಗೆ ಹೋದಳು.

"ಅದ್ಯಾಕೀಗ?" ಎಂದರು ಶಿವಯೋಗಪ್ಪ.

"ಇನ್ನೇನ್ ಮುಚ್ಚೂದೈತಿ ಬಿಡ್ರಿ," ಎಂದು ಆಕೆ ಗೋಣಿಚೀಲ ಮುಚ್ಚಿದ್ದ ಏನನ್ನೋ ಒಂದೇ ಕೈಯಲ್ಲಿ ತಳ್ಳಿಕೊಂಡು ಅಂಗಳಕ್ಕೆ ಬಂದಳು. ಚೀಲ ತೆಗೆದಳು. ಹೊಸ ನೀರಿನ ಬಂಡಿ. ಉಳಿದ ಹನ್ನೊಂದರಂತೆಯೇ ಹಸಿರು, ಸ್ವಲ್ಪ ಚಿಕ್ಕದು, ನಾಲ್ಕೇ ಕೊಡದ್ದು. ಮುಂದಿನ ಪಟ್ಟಿಯ ಮೇಲೆ ಬೆಸುಗೆಯ ಹನಿಗಳಲ್ಲಿ ಹೆಸರು: ಭಾಗ್ಯ. "ವೀಳ್ಯ ಆದ ಮರುದಿನ ಕುಂತು ಮಾಡ್ಯಾನ್ರಿ ಬೀಗ್ತಿ. ಕೊಡಾಕ ಇವ್ರು ಬಿಡ್ಲಿಲ್ಲ. ಮ್ಯಾನೇಜರ್ ಯಾರಾದ್ರೂ ಬಂಡಿ ಮಾಡ್ತಾರೇನು ಅಂದ್ರು."

ಕೊಟ್ರಬಸಮ್ಮ ಚೀಲವನ್ನು ಬದಿಗಿಟ್ಟು ಎದ್ದು ಬಂದಳು. ಬಾಗಿ, ಜೀವಮಾನವೆಲ್ಲ ಹೆಂಚಿನ ಮೇಲೆ ಆಡಿದ ಬೆರಳುಗಳಿಂದ ಆ ಅಕ್ಷರಗಳನ್ನು ಮುಟ್ಟಿದಳು. ರೊಟ್ಟಿಯ ಅಂಚು ಎಲ್ಲ ಕಡೆ ಒಂದೇ ದಪ್ಪವಿದೆಯೇ ಎಂದು ಆಕೆ ನೋಡುತ್ತಿದ್ದದ್ದು ಹಾಗೆಯೇ. ಹಿಡಿಕೆ ಹಿಡಿದು ಅಂಗಳದ ಉದ್ದಕ್ಕೂ ಒಮ್ಮೆ ತಳ್ಳಿದಳು. ತಿರುಗಿಸಿಕೊಂಡು ಬಂದಳು. ಬಂಡಿ ಸದ್ದು ಮಾಡಲಿಲ್ಲ, ಅತ್ತಿತ್ತ ಎಳೆಯಲಿಲ್ಲ. ಶಿವಯೋಗಪ್ಪ ನೆಲ ನೋಡುತ್ತಿದ್ದರು.

"ನಾಕು ಕೊಡ ಯಾತಕ್ಕ ಸಾಲ್ತಾವು?" ಎಂದಳು ಕೊಟ್ರಬಸಮ್ಮ. "ನಾಳಿ ಎರಡು ಮಕ್ಕಳಾದ್ರ? ಬಂದು ಹೋಗೋರು ಇರಂಗಿಲ್ಲೇನು? ಆರರದ್ದು ಮಾಡಬೇಕಿತ್ತು. ಮುಂದಿನ ಸಲ ಬಂದಾಗ ಇನ್ನೊಂದು ಸಾಲು ಕೂಡಿಸು ಅಂತ ಹೇಳ್ರಿ ಅವನಿಗೆ."

ಗಾದೆಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳಿಸಿತು.

ಬಂಡಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಾಯಿ ಮಗ ಹೊರಟರು. ಸೀರೆಯ ಚೀಲ ಕೊಟ್ರಬಸಮ್ಮನ ತೊಡೆಯ ಮೇಲೆಯೇ ಇತ್ತು. ಅದರ ಮಾತು ಯಾರೂ ಎತ್ತಿರಲಿಲ್ಲ. ಹಾಲಸ್ವಾಮಿ ಪಟ್ಟಿ ತೆಗೆದು, ಮೊಣಕಾಲಿನ ಮೇಲಿಟ್ಟು, ಮ್ಯಾನೇಜರ್ ಎನ್ನುವುದನ್ನು ಹೊಡೆದು ಹಾಕಿ ಪೈಪ್ ವೆಲ್ಡರ್ ಎಂದು ಬರೆದ. ಬಸ್ಸಿನ ಕುಲುಕಾಟಕ್ಕೆ ಅವನ ಮುತ್ತಿನಂಥ ಅಕ್ಷರ ಕೋಳಿ ಕೆದರಿದಂತಾಯಿತು.

ತಾಯಿ ಇಣುಕಿ ನೋಡಿದಳು. "ಇಷ್ಟು ಸಣ್ಣದು ಯಾರಿಗೆ ಕಾಣ್ತೈತಿ? ಗ್ವಾಡಿಗೆ ಹಚ್ಚೂದಲ್ಲ ಅದು? ದೊಡ್ಡದು ಬರಿ."

ಅಷ್ಟರಲ್ಲಿ ಕಂಡಕ್ಟರ್ ಬಂದ. "ಮ್ಯಾಲಿನ ಲಗೇಜ್ ಯಾರದ್ರಿ?"

"ನಮ್ದು," ಎಂದಳು ಕೊಟ್ರಬಸಮ್ಮ. ಅವನು ಟಿಕೆಟ್ ಹರಿಯುತ್ತಿದ್ದ, ಬೇರೇನೂ ಕೇಳಿರಲಿಲ್ಲ. "ನಮ್ಮ ಅಳಿಯ ಮಾಡಿದ್ದಪ್ಪ ಅದು. ವೆಲ್ಡರ್ ಅದಾನ, ಕುವೈತ್‌ನಾಗ. ಎಕ್ಸ್‌ರೇ ಹಿಡದು ನೋಡ್ತಾರಂತ ಅವನ ಕೆಲಸ. ಒಂದೂ ವಾಪಸ್ ಬಂದಿಲ್ಲ."

ಕಂಡಕ್ಟರ್ ಹೌದೇನ್ರಿ ಎಂದು ಮುಂದಿನ ಸೀಟಿಗೆ ಹೋದ. ಕೊಟ್ರಬಸಮ್ಮ ಕಿಟಕಿಯ ಕಡೆ ತಿರುಗಿ ಕೂತು, ಮ್ಯಾನೇಜರ್ ಎಂದು ಕೇಳಿದ್ದ ಹದಿನಾರು ಮಂದಿಗೆ ಇನ್ನೂ ಹೇಳುವುದಿದೆ ಎಂದು ಬೆರಳಲ್ಲಿ ಎಣಿಸತೊಡಗಿದಳು.